ಜಾತಿ ಯಾವುದೆಂದು ಬರೆಸೋಣ?

ನಾಯಕನಹಟ್ಟಿಯ ತೇರಿಗೆಂದು ನಮ್ಮ ಸೀಮೆಗೆ ಬಂದಿರುವ ವಾಚಕರಿಗೆ ಕುದಾಪುರದ ಬಯಲು ಹೊಸದಲ್ಲ. ಮರವಿಲ್ಲದ ನೆಲ, ಬಿಡುವಿಲ್ಲದ ಗಾಳಿ, ಶೇಂಗಾದ ಹೊಲ, ಕಂಬಳಿ ಹೊದ್ದು ನಿಂತ ಕುರಿಗಾಹಿ. ಇವುಗಳ ನಡುವೆ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ೧,೫೦೦ ಎಕರೆಯ ಆವರಣವಿದೆ. ಅದು ಹಿಂದೆ ಅಮೃತಮಹಲಿನ ದನಗಳಿಗೆಂದು ಮೈಸೂರಿನ ಅರಸರು ಬಿಟ್ಟಿದ್ದ ಕಾವಲಿನ ಭೂಮಿ. ಕಾವಲುಗಳು ಕೈಬಿಟ್ಟುಹೋದ ಕಥೆಯನ್ನು ಯಾರಾದರೂ ಎತ್ತಿದರೆ ನಮ್ಮ ತಾಯಿಯವರು ಸತ್ಯವೇದದಲ್ಲಿರುವ ನಾಬೋತನ ದ್ರಾಕ್ಷಿತೋಟವನ್ನು ನೆನೆಯುತ್ತಾರೆ. ಆದರೆ ನಾವು ಇಂದು ಹೇಳಹೊರಟಿರುವುದು ನೆಲದ ವಿಚಾರವನ್ನಲ್ಲ. ನಮ್ಮ ಮನೆಯ ಜಗುಲಿಯ ಮೇಲೆ ಒಂದು ಮಧ್ಯಾಹ್ನ ನಡೆದ ಸಣ್ಣ ಸಂಗತಿಯನ್ನು.

೨೦೨೫ರ ಸೆಪ್ಟೆಂಬರ್ ೨೨ರಂದು ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತಷ್ಟೆ. ಅದಕ್ಕೆ ಮುಂಚೆಯೇ ವಿದ್ಯುತ್ ಮಾಪಕ ನೋಡುವವನು ಬಂದು ಬಾಗಿಲ ಪಕ್ಕದಲ್ಲಿ ಒಂದು ಚೀಟಿಯನ್ನು ಅಂಟಿಸಿ ಹೋಗಿದ್ದನು. ಕೆಲವು ದಿನಗಳ ಮೇಲೆ ಗಣತಿಗೆ ಬಂದವಳು ನಮ್ಮಲ್ಲಿಯೇ ನಾಲ್ಕನೆಯ ತರಗತಿಯಲ್ಲಿ ಓದಿದ ಹುಡುಗಿ. ಈಗ ತಾನೂ ಉಪಾಧ್ಯಾಯಿನಿ. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಚೀಲ, ಮುಖದಲ್ಲಿ ಬಿಸಿಲು. ಅರವತ್ತು ಪ್ರಶ್ನೆಗಳಿವೆ ಎಂದು ಮೊದಲೇ ಕ್ಷಮೆ ಕೇಳಿಕೊಂಡಳು. ಹೆಸರು, ವಯಸ್ಸು, ಎಲ್ಲವೂ ಸರಾಗವಾಗಿ ಮುಗಿದುವು. ಧರ್ಮವೆಂಬಲ್ಲಿ ಕ್ರೈಸ್ತವೆಂದು ಬರೆಸಿದೆವು. ಆಮೇಲೆ ಅವಳು ತಲೆಯೆತ್ತದೆ ಕೇಳಿದಳು: “ಮೇಷ್ಟ್ರೇ, ಜಾತಿ?”

ನಾವು ಉತ್ತರವನ್ನು ಸಿದ್ಧವಾಗಿಯೇ ಇಟ್ಟುಕೊಂಡಿದ್ದೆವು. ಮೂವತ್ತೈದು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದವರಿಗೆ ಇಂಥ ಉತ್ತರಗಳು ನಾಲಿಗೆಯ ತುದಿಯಲ್ಲಿಯೇ ಇರುತ್ತವೆ. “ಕ್ರಿಸ್ತನಲ್ಲಿ ಜಾತಿಯಿಲ್ಲವಮ್ಮ, ಅಲ್ಲಿಯೂ ಕ್ರೈಸ್ತ ಎಂದೇ ಬರೆದುಬಿಡು” ಎಂದೆವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದಗಳನ್ನು ಪೌಲನು ಅಳಿಸಿಹಾಕಿರುವುದು ನಮ್ಮ ಬೆನ್ನಿಗಿತ್ತು. ಆದರೆ ಒಳಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ನಮ್ಮ ತಾಯಿಯವರು ಅಲ್ಲಿಂದಲೇ, “ಸುಳ್ಳು ಬರೆಸಬೇಡ” ಎಂದರು.

ಅವರಿಗೆ ಎಂಬತ್ತೈದು ವರ್ಷ. ಕಿವಿ ಮಂದವೆಂದು ನಾವೆಲ್ಲರೂ ತಿಳಿದುಕೊಂಡಿದ್ದೆವು.

ಇಲ್ಲಿ ನಮ್ಮ ಮನೆತನದ ವಿಷಯವನ್ನು ಸ್ವಲ್ಪ ಹೇಳಬೇಕು. ೧೮೭೬ರಿಂದ ೧೮೭೮ರ ವರೆಗೆ ಬಿದ್ದ ದೊಡ್ಡ ಬರವನ್ನು ನಮ್ಮ ಕಡೆಯ ಹಿರಿಯರು ಧಾತು ವರ್ಷದ ಬರವೆಂದು ಕರೆಯುತ್ತಿದ್ದರು. ನಮ್ಮ ಮುತ್ತಾತನಿಗೆ ಆಗ ಏಳೋ ಎಂಟೋ ವರ್ಷ. ತಂದೆಯು ಕಪಿಲೆಯ ಬಾವಿಗಳಿಗೆ ತೊಗಲಿನ ಚೀಲ ಹೊಲಿದು, ಮಿಣಿ ಹೊಸೆದು ಕೊಡುತ್ತಿದ್ದ ಮಾದಿಗರ ಮನೆಯವನು. ಬಾವಿಯೇ ಬತ್ತಿದ ಮೇಲೆ ಮಿಣಿ ಯಾರಿಗೆ ಬೇಕು? ತಂದೆತಾಯಿಗಳಿಬ್ಬರೂ ಒಂದೇ ತಿಂಗಳಲ್ಲಿ ತೀರಿಹೋದರಂತೆ. ದೊಡ್ಡ ಹುಡುಗನನ್ನು ಸೋದರಮಾವನು ಇಟ್ಟುಕೊಂಡನು. ಎರಡನೆಯ ಬಾಯಿಗೆ ಅವನ ಮನೆಯಲ್ಲಿ ಹಿಟ್ಟಿರಲಿಲ್ಲ. ಆ ಎರಡನೆಯವನೇ ನಮ್ಮ ಮುತ್ತಾತ. ಯಾರೋ ಅವನನ್ನು ಮಿಶನ್ನಿನವರ ಗಂಜಿಯ ಕೇಂದ್ರಕ್ಕೆ ಸೇರಿಸಿದರು. ಅಲ್ಲಿಂದ ಅನಾಥಾಲಯ, ಅನಾಥಾಲಯದಿಂದ ಶಾಲೆ, ದೀಕ್ಷಾಸ್ನಾನ. ಮೂವತ್ತರ ವಯಸ್ಸಿಗೆ ಕೇರಿಯ ಮಕ್ಕಳಿಗೆ ಅಕ್ಷರ ಹೇಳಲು ಮರಳಿ ಬಂದನು. ಅಣ್ಣನ ಸಂತತಿ ಹಿಂದೂಗಳಾಗಿಯೇ ಉಳಿಯಿತು. ಇಂದಿಗೂ ತಿಪ್ಪೇರುದ್ರಸ್ವಾಮಿಯ ತೇರಿಗೆ ಬಂದವರು ನಮ್ಮ ಮನೆಯಲ್ಲಿ ಉಂಡುಹೋಗುತ್ತಾರೆ; ಕ್ರಿಸ್ತಜಯಂತಿಯಂದು ನಾವು ಕಜ್ಜಾಯ ಕಳುಹಿಸುತ್ತೇವೆ.

ಬಾಲ್ಯದಲ್ಲಿ ನಮ್ಮನ್ನು ನೋಯಿಸಬೇಕೆನ್ನುವವರು “ಗಂಜಿಗೆ ಮತ ಮಾರಿದವರು” ಎನ್ನುತ್ತಿದ್ದರು. ಆ ಮಾತು ಹಳೆಯದಾಯಿತೆಂದು ನಾವು ಎಣಿಸಿದ್ದೆವು. ಆದರೆ ೨೦೨೨ರ ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಮತಾಂತರ ನಿಷೇಧದ ಕಾಯಿದೆಯನ್ನು ಓದಿದಾಗ ಅದೇ ಮಾತು ಕಾನೂನಿನ ಭಾಷೆಯಲ್ಲಿ ಎದುರಿಗೆ ನಿಂತಂತಾಯಿತು. ಆಮಿಷವೆಂದರೆ ಏನೆಂದು ಅದರಲ್ಲಿ ವಿವರಿಸಿದ್ದರು: ಹಣ, ಉಡುಗೊರೆ, ಉದ್ಯೋಗ, ಮತಸಂಸ್ಥೆಗಳ ಶಾಲೆಯಲ್ಲಿ ಉಚಿತವಾದ ವಿದ್ಯೆ, ಮೇಲಾದ ಜೀವನದ ಭರವಸೆ. ಮತ ಬದಲಿಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ತಿಳಿಸಬೇಕು. ಪರಿಶಿಷ್ಟರನ್ನೂ ಸ್ತ್ರೀಯರನ್ನೂ ಅಪ್ರಾಪ್ತ ವಯಸ್ಕರನ್ನೂ ಅಕ್ರಮವಾಗಿ ಮತಾಂತರಿಸಿದವನಿಗೆ ಮೂರರಿಂದ ಹತ್ತು ವರ್ಷಗಳ ಸೆರೆವಾಸ. ೨೦೨೩ರ ಜೂನ್ ತಿಂಗಳಿನಲ್ಲಿ, ಚುನಾವಣೆಯ ತರುವಾಯ ಬಂದ ಸರ್ಕಾರದ ಸಂಪುಟವು ಇದನ್ನು ರದ್ದುಪಡಿಸಬೇಕೆಂದು ನಿರ್ಧರಿಸಿತು.

ಬಲಾತ್ಕಾರದಿಂದ ಮಾಡಿಸಿದ ಮತಾಂತರವನ್ನು ನಾವು ಸಮರ್ಥಿಸುವವರಲ್ಲ. ಹಾಗೆ ಬಂದವನು ಸಭೆಗೂ ಭಾರ, ತನಗೂ ಭಾರ. ಆದರೆ ಒಂದು ಬಟ್ಟಲು ಗಂಜಿ ಆಮಿಷವೇ? ಹಸಿದ ಎಂಟು ವರ್ಷದ ಹುಡುಗನಿಗೆ ಅದು ಆಮಿಷವೇ ಸರಿ, ಬೇರೆ ಏನಾದೀತು? ಕೊಟ್ಟವನ ಮನಸ್ಸಿನಲ್ಲಿ ಶುದ್ಧ ಕರುಣೆಯೊಂದೇ ಇತ್ತೆಂದು ನಾವು ಪ್ರಮಾಣ ಮಾಡಲಾರೆವು. ಪಾದ್ರಿಗಳು ತಮ್ಮ ವರದಿಗಳಲ್ಲಿ ಆತ್ಮಗಳನ್ನು ಎಣಿಸುತ್ತಿದ್ದುದುಂಟು. ಅದನ್ನು ಒಪ್ಪಿಕೊಂಡೇ ಕೇಳುತ್ತೇವೆ: ಆ ಹುಡುಗನಿಗೆ ಆಗ ಗಂಜಿ ಕೊಡಬೇಕಾಗಿದ್ದ ಉಳಿದವರೆಲ್ಲರೂ ಎಲ್ಲಿದ್ದರು?

ಇಷ್ಟು ಹೆಮ್ಮೆಯಿಂದ ಬರೆಯುವ ನಾವು ನಮ್ಮ ಕಡೆಯ ಹುಳುಕನ್ನೂ ಹೇಳದಿದ್ದರೆ ನ್ಯಾಯವಾಗದು. ಮತ ಬದಲಾಯಿಸಿದರೆ ಜಾತಿ ಹೋಯಿತೆಂಬುದು ಪ್ರಸಂಗಪೀಠದ ಮಾತು. ನಾವು ಮದುವೆಯ ವಯಸ್ಸಿಗೆ ಬಂದಾಗ ಪಕ್ಕದ ಜಿಲ್ಲೆಯ ಒಂದು ಸಭೆಯಿಂದ ಹೆಣ್ಣು ಕೇಳಿದ್ದರು. ಆ ಮನೆಯವರೂ ಕ್ರೈಸ್ತರು; ಮೂರು ತಲೆಮಾರಿನಿಂದ ಭಕ್ತಿಯುಳ್ಳವರು. ಕಾಫಿ ಕೊಟ್ಟು, ಪ್ರಾರ್ಥನೆ ಮಾಡಿ, ಆಮೇಲೆ ಮೆಲ್ಲಗೆ, “ಮೊದಲು ನೀವು ಯಾರು?” ಎಂದರು. ತಂದೆಯವರು ಹೇಳಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಅಂದಿನಿಂದ ನಾವು ನಮ್ಮ ಜಾತಿಯನ್ನು ಯಾರಿಗೂ ಹೇಳಿದವರಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಸುತ್ತುಬಳಸಿ ಕೇಳಿದಾಗಲೆಲ್ಲ ಪೌಲನ ಪತ್ರವನ್ನು ಮುಂದೆ ಹಿಡಿದೆವು. ಅದು ವಿಶ್ವಾಸವೆಂದು ನಾವೇ ನಂಬಿದ್ದೆವು. ನಿಜವಾಗಿ ನೋಡಿದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ನಾಚಿಕೆ.

ಸರ್ಕಾರದ ಲೆಕ್ಕವೂ ಇದಕ್ಕಿಂತ ಸರಳವಲ್ಲ. ೧೯೫೦ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿಯವರೆನಿಸಿಕೊಳ್ಳಬಹುದಾಗಿತ್ತು. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಮೂರು-ಬಿ ವರ್ಗಕ್ಕೆ ಸೇರಿದವರು. ಪರಿಶಿಷ್ಟರಿಂದ ಕ್ರೈಸ್ತರಾದವರು ಮಾತ್ರ ಒಂದನೆಯ ಪ್ರವರ್ಗ. ಹೀಗಾಗಿ ಒಂದೇ ಮುತ್ತಜ್ಜನ ಮೊಮ್ಮಕ್ಕಳಾದ ನಮ್ಮ ದಾಯಾದಿಯ ಮಗನೂ ನಮ್ಮ ಮಗನೂ ಎರಡು ಬೇರೆ ಪಟ್ಟಿಗಳವರು. ೨೦೨೨ರ ಅಕ್ಟೋಬರಿನಲ್ಲಿ ಈ ವಿಚಾರವನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಕೇಂದ್ರ ಸರ್ಕಾರವು ನೇಮಿಸಿತು. ಈ ಸಮೀಕ್ಷೆಯಲ್ಲಂತೂ ಜಾತಿಯ ಹೆಸರಿನೊಡನೆ ಕ್ರೈಸ್ತವೆಂಬ ಪದ ಸೇರಿದ ಮೂವತ್ತಕ್ಕೂ ಹೆಚ್ಚು ಹೆಸರುಗಳು ಪಟ್ಟಿಯಲ್ಲಿವೆಯೆಂದು ದೊಡ್ಡ ಗದ್ದಲವೆದ್ದು, ಕೊನೆಗೆ ಆಯೋಗದವರು ಅವುಗಳನ್ನು ಮೊಬೈಲಿನ ಪಟ್ಟಿಯಲ್ಲಿ ಕಾಣದಂತೆ ಮರೆಮಾಡಿದರು. ಜಾತಿಯಿಲ್ಲವೆನ್ನುವ ಮತದಲ್ಲಿ ಜಾತಿಯೇಕೆ ಎಂಬುದು ಗದ್ದಲ ಮಾಡಿದವರ ಪ್ರಶ್ನೆ. ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ಅವರು ಕೇಳುವಾಗ ಒಂದು ಬಗೆ, ನಮ್ಮ ಪ್ರಸಂಗಪೀಠದಿಂದ ಕೇಳಿಬರಬೇಕಾಗಿದ್ದುದು ಇನ್ನೊಂದು ಬಗೆ.

ಚಲನಚಿತ್ರಗಳ ಮಾತನ್ನು ಉದ್ದ ಮಾಡುವುದಿಲ್ಲ. ನಮ್ಮ ಚಿತ್ರಗಳಲ್ಲಿ ಬಹುಕಾಲ ಕ್ರೈಸ್ತನೆಂದರೆ ಟೋಪಿ, ಸೀಸೆ, ಹರಕು ಕನ್ನಡ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರು ೧೮೩೧ರಷ್ಟು ಹಿಂದೆಯೇ ಸತ್ಯವೇದವನ್ನೆಲ್ಲ ಕನ್ನಡಕ್ಕೆ ತಂದಿದ್ದರೂ, ಕಿಟ್ಟೆಲ್ಲರ ನಿಘಂಟು ೧೮೯೪ರಿಂದ ನಮ್ಮ ಪಂಡಿತರ ಮೇಜಿನ ಮೇಲಿದ್ದರೂ, ತೆರೆಯ ಮೇಲಿನ ಕ್ರೈಸ್ತನಿಗೆ ಮಾತ್ರ ಕನ್ನಡ ಬಾರದು! ಗಡಿನಾಡಿನವರಾದ ನಾವು ಹರೆಯದಲ್ಲಿ ತೆಲುಗಿನ ‘ಕರುಣಾಮಯುಡು’ ಚಿತ್ರವನ್ನು ಬಯಲಲ್ಲಿ ಬಿಳಿಯ ಬಟ್ಟೆ ಕಟ್ಟಿ ತೋರಿಸಿದಾಗ ಊರೆಲ್ಲ ಕುಳಿತು ನೋಡಿದುದು ನೆನಪಿದೆ. ಶಿಲುಬೆ ಹೊರುವ ಭಾಗ ಬಂದಾಗ ಅತ್ತವರಲ್ಲಿ ನಮ್ಮವರಿಗಿಂತ ಉಳಿದವರೇ ಹೆಚ್ಚು.

ಜಗುಲಿಗೆ ಮರಳೋಣ. ತಾಯಿಯವರ ಮಾತಿಗೆ ನಾವು ಸತ್ಯವೇದದಿಂದಲೇ ಉತ್ತರ ಕೊಟ್ಟೆವು. ದಾವೀದ ರಾಜನು ಜನರನ್ನು ಎಣಿಸಿದ್ದಕ್ಕೆ ದೇವರ ಕೋಪವಾಗಿ ದೇಶದಲ್ಲಿ ವ್ಯಾಧಿ ಹರಡಿತಲ್ಲವೆ, ಎಣಿಕೆಗೆ ಅಷ್ಟೊಂದು ಮರ್ಯಾದೆ ಏಕೆ ಎಂದೆವು. ಉಚ್ಚ ನ್ಯಾಯಾಲಯವೂ ಈ ಸಮೀಕ್ಷೆಯಲ್ಲಿ ಯಾರಿಗೂ ಬಲವಂತವಿಲ್ಲವೆಂದು ಹೇಳಿದೆ ಎಂದು ಸೇರಿಸಿದೆವು.

“ಯೋಸೇಫ ಏನು ಮಾಡಿದ?” ಎಂದರು.

ನಮಗೆ ಕೂಡಲೆ ತಿಳಿಯಲಿಲ್ಲ. ಅವರೇ ಹೇಳಿದರು: ಔಗುಸ್ತ ಚಕ್ರವರ್ತಿಯ ಖಾನೇಷುಮಾರಿ ಆಗ, ತುಂಬಿದ ಬಸುರಿಯನ್ನು ಕರೆದುಕೊಂಡು ಯೋಸೇಫನು ಅಷ್ಟು ದೂರ ನಡೆದು ಬೇತ್ಲೆಹೇಮಿಗೆ ಹೋದದ್ದು ಏಕೆ? ತಾನು ಯಾವ ವಂಶದವನೆಂದು ಬರೆಸುವುದಕ್ಕೆ. ನಜರೇತಿನಲ್ಲಿಯೇ ಕುಳಿತು, “ಬಡಗಿ, ಅಷ್ಟೆ” ಎಂದಿದ್ದರೆ ಆಗುತ್ತಿರಲಿಲ್ಲವೆ? “ನಮ್ಮಪ್ಪ ಮಿಣಿ ಹೊಸೆಯುತ್ತಿದ್ದ. ಅವನ ಕೈಯ ತೊಗಲಿನ ವಾಸನೆ ಸಾಯುವ ತನಕ ಹೋಗಲಿಲ್ಲ. ಆ ಕೈಯಿಂದಲೇ ಸಭೆಯಲ್ಲಿ ರೊಟ್ಟಿ ತೆಗೆದುಕೊಳ್ಳುತ್ತಿದ್ದ. ದೇವರಿಗೆ ಆ ವಾಸನೆ ಗೊತ್ತಿರಲಿಲ್ಲವೇನೋ?”

ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ೧೯೫೯ರಲ್ಲಿ ಭಾರತಕ್ಕೆ ಬಂದಿದ್ದಾಗಿನ ಒಂದು ಪ್ರಸಂಗವನ್ನು ೧೯೬೫ರ ತಮ್ಮ ಒಂದು ಉಪದೇಶದಲ್ಲಿ ಹೇಳಿದ್ದಾರೆ. ತಿರುವನಂತಪುರದ ಒಂದು ಶಾಲೆಯಲ್ಲಿ, ಅಸ್ಪೃಶ್ಯರೆನಿಸಿದ ಮನೆಗಳ ಮಕ್ಕಳೆದುರಿಗೆ, ಇವರೂ ಅಮೆರಿಕದ ಒಬ್ಬ ಅಸ್ಪೃಶ್ಯರೆಂದು ಮುಖ್ಯೋಪಾಧ್ಯಾಯರು ಪರಿಚಯ ಮಾಡಿಕೊಟ್ಟರಂತೆ. ಮೊದಲು ಅವರಿಗೆ ಚುರುಕ್ಕೆಂದಿತು. ಆಮೇಲೆ ತಮ್ಮ ದೇಶದ ಎರಡು ಕೋಟಿ ಕರಿಯ ಜನರ ಸ್ಥಿತಿಯನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದು ಒಳಗೇ ಒಪ್ಪಿಕೊಂಡರು. ಪಾದ್ರಿಯಾಗಿದ್ದವರು, ಪೌಲನ ಪತ್ರ ನಮಗಿಂತ ಚೆನ್ನಾಗಿ ತಿಳಿದಿದ್ದವರು. ಆದರೂ ಅವರು ಆ ಪತ್ರವನ್ನು ಅಡ್ಡ ಹಿಡಿಯಲಿಲ್ಲ. ಈ ಕಥೆಯನ್ನು ನಾವು ಮಕ್ಕಳಿಗೆ ಹಲವು ಸಲ ಹೇಳಿದ್ದೇವೆ. ನಮಗೇ ಹೇಳಿಕೊಂಡಿರಲಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ತಾಯಿತಂದೆಗಳ ಮಾತು ಕೇಳಬೇಕೆಂದು ಅಶೋಕನು ಬರೆಸಿದ್ದಾನೆ. ಆ ಶಾಸನವನ್ನು ೧೮೯೨ರಲ್ಲಿ ಕಂಡುಹಿಡಿದ ಬಿ. ಎಲ್. ರೈಸ್ ಅವರು ಬೆಂಗಳೂರಿನ ಒಬ್ಬ ಪಾದ್ರಿಯ ಮಗ. ಶಾಲೆಯ ಮಕ್ಕಳನ್ನು ಅಲ್ಲಿಗೆ ನಾಲ್ಕೈದು ಸಲ ಕರೆದುಕೊಂಡು ಹೋಗಿ ಇದನ್ನು ವಿವರಿಸಿದವರು ನಾವೇ. ಆ ಮಕ್ಕಳಲ್ಲೊಬ್ಬಳು ಈಗ ಮೊಬೈಲು ಹಿಡಿದು ನಮ್ಮ ಮುಖವನ್ನೇ ನೋಡುತ್ತಿದ್ದಳು.

“ಮಾದಿಗ ಎಂದು ಬರೆ” ಎಂದೆವು. ಧ್ವನಿ ನಾವೆಣಿಸಿದಷ್ಟು ಗಟ್ಟಿಯಾಗಿ ಹೊರಡಲಿಲ್ಲ.

ಅವಳು ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದಳು. ಧರ್ಮ ಕ್ರೈಸ್ತವೆಂದಾದ ಮೇಲೆ ಅಂಥ ಜೋಡಿ ಹೆಸರು ಕಾಣಲಿಲ್ಲ. ಕೊನೆಗೆ ‘ಇತರೆ’ ಎಂಬಲ್ಲಿ ಒಂದೊಂದೇ ಅಕ್ಷರವನ್ನು ಒತ್ತಿ ಬರೆದಳು. ಬರೆದುದನ್ನು ತಾಯಿಯವರಿಗೆ ಓದಿ ಹೇಳಿದಳು. ಅವರು ತಲೆಯಾಡಿಸಿದರು. ಕಳುಹಿಸಲು ಹೋದರೆ ನೆಟ್‌ವರ್ಕ್ ಇಲ್ಲ. ಎದುರಿಗೆ ದೇಶದ ದೊಡ್ಡ ವಿಜ್ಞಾನಿಗಳ ಆವರಣ, ಈಚೆ ನಮ್ಮ ಜಗುಲಿಯ ಮೇಲೆ ಸುತ್ತುತ್ತಲೇ ಇರುವ ಒಂದು ಸಣ್ಣ ಚಕ್ರ. ಅವಳು ಮಾಳಿಗೆ ಹತ್ತಿ, ಕೈಯನ್ನು ಮೇಲೆತ್ತಿ ಸ್ವಲ್ಪ ಹೊತ್ತು ನಿಂತಿದ್ದು, ಇಳಿದು ಬಂದಳು. ಮಜ್ಜಿಗೆ ಕುಡಿದಳು.

“ಇನ್ನೂ ಇವೆ ಮೇಷ್ಟ್ರೇ” ಎಂದು ನಕ್ಕು, ತಾಯಿಯವರ ಕಡೆ ತಿರುಗಿ, “ಅಜ್ಜಿ, ಮನೆಯಲ್ಲಿ ಕುರಿ ಎಷ್ಟು?” ಎಂದು ಕೇಳಿದಳು.

“ಎರಡು” ಎಂದರು. “ಒಂದು ಕುಂಟು. ಅದನ್ನೂ ಸೇರಿಸಿ ಎರಡು.”