ಒತ್ತಕ್ಷರಕ್ಕೆ ಬೇಕಾದ ಚುಕ್ಕೆಗಳು

ಇಪ್ಪತ್ತೇಳು ಇಂಚಿನ 4ಕೆ ಮಾನಿಟರಿನಲ್ಲಿ ಮೊದಲ ಸಲ ಒಂದು ಕನ್ನಡ ಪುಟ ತೆರೆದವರ ಕಣ್ಣು ಇಳಿಯುವುದು ಸಾಲಿನ ಕೆಳಭಾಗಕ್ಕೆ. ‘ವೈಶಿಷ್ಟ್ಯ’ದ ಷಕಾರದಡಿ ಟಕಾರದ ಒತ್ತು, ಅದರ ಪಕ್ಕಕ್ಕೆ ಯಕಾರದ ಒತ್ತು, ಎರಡೂ ಬೇರೆ ಬೇರೆಯಾಗಿ, ಸುಳಿಗಳ ಹೊಟ್ಟೆಯೊಳಗಿನ ಬಿಳಿ ಜಾಗದ ಸಮೇತ ಕಾಣುತ್ತವೆ. ಹಳೆಯ ಪರದೆಯಲ್ಲಿ ಅಲ್ಲೊಂದು ಬೂದು ಕಲೆ ಇರುತ್ತಿತ್ತು. ಓದುಗ ಅದನ್ನು ಪದದ ಪರಿಚಯದ ಬಲದಿಂದ ಊಹಿಸಿಕೊಂಡು ಮುಂದೆ ಹೋಗುತ್ತಿದ್ದ. ವರ್ಷಗಟ್ಟಲೆ ಹಾಗೆ ಊಹಿಸುತ್ತಲೇ ಓದಿದವರಿಗೆ, ಅರ್ಕಾವೊತ್ತಿನ ಬಾಲ ಎಲ್ಲಿ ಮುಗಿಯುತ್ತದೆಂದು ಸ್ಪಷ್ಟವಾಗಿ ಕಂಡ ಕ್ಷಣದ ಸುಖವನ್ನು ಬೇರೆ ಯಾವ ಯಂತ್ರವೂ ಕೊಟ್ಟಿರಲಾರದು.

ಲೆಕ್ಕ ಸರಳ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 92 ಚುಕ್ಕೆ. 27 ಇಂಚಿನ 4ಕೆಯಲ್ಲಿ 163. ಹಳೆಯ ಪರದೆಯಲ್ಲಿ 11 ಪಾಯಿಂಟಿನ ಅಕ್ಷರಕ್ಕೆ ಒಟ್ಟು ಸಿಗುತ್ತಿದ್ದ ಎತ್ತರ ಹದಿನೈದು ಚುಕ್ಕೆಯ ಆಸುಪಾಸು. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟಿಕೊಂಡು ಆರಾಮವಾಗಿರುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು ಎಂದು ಮೂರು ಅಂತಸ್ತು ಬೇಕು. ಒತ್ತಿನ ಪಾಲಿಗೆ ಬರುವುದು ಹೆಚ್ಚೆಂದರೆ ಐದಾರು ಚುಕ್ಕೆ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ತುಂಗಾ ಫಾಂಟ್ ಆಗಲಿ, ವಿಂಡೋಸ್ 8ರ ಜೊತೆ ಬಂದ ನಿರ್ಮಲಾ ಆಗಲಿ, ಐದಾರು ಚುಕ್ಕೆಯಲ್ಲಿ ಧಕಾರದ ಒತ್ತಿಗೂ ದಕಾರದ ಒತ್ತಿಗೂ ಎಷ್ಟು ವ್ಯತ್ಯಾಸ ತೋರಿಸಲು ಸಾಧ್ಯ? ಅಕ್ಷರ ವಿನ್ಯಾಸಕಾರರನ್ನು ದೂರುವವರು ಮೊದಲು ಈ ಬಡತನವನ್ನು ನೋಡಬೇಕು.

ಆದರೂ ‘ಮನೆಯ ಕಂಪ್ಯೂಟರಿಗೆ 4ಕೆ ಬೇಕೇ?’ ಎಂಬ ಪ್ರಶ್ನೆ ಬಂದಾಗಲೆಲ್ಲ ಚರ್ಚೆ ಸಿನಿಮಾದ ಕಡೆಗೆ ತಿರುಗುತ್ತದೆ. 4ಕೆ ಚಿತ್ರಗಳು ಸಾಕಷ್ಟಿಲ್ಲ, ಇಂಟರ್ನೆಟ್ ಸಾಲದು, ಆದ್ದರಿಂದ ಬೇಡ ಎನ್ನುವುದು ಒಂದು ಪಂಥ. ಗೇಮ್ ಆಡುವವರದು ಇನ್ನೊಂದು: ಸೆಕೆಂಡಿಗೆ ಸಿಗುವ ಫ್ರೇಮುಗಳು ಇಳಿದುಹೋಗುತ್ತವೆ, 1440 ಸಾಲಿನ ಪರದೆಯೇ ಸಾಕು. ಎರಡೂ ಪಂಥಗಳು ಓದುವವನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮನೆಯ ಕಂಪ್ಯೂಟರಿನ ಮುಂದೆ ಕುಳಿತವರು ದಿನದ ಬಹುಪಾಲು ಮಾಡುವುದು ಓದು ಮತ್ತು ಬರಹ. ಪರದೆಯ ಗುಣವನ್ನು ಅಳೆಯುವಾಗ ಆ ಕೆಲಸವೊಂದನ್ನೇ ಬಿಟ್ಟು ಉಳಿದೆಲ್ಲವನ್ನೂ ಅಳೆಯುವುದು ಯಾವ ನ್ಯಾಯ?

ಕಣ್ಣಿನ ಲೆಕ್ಕವೂ ಓದುಗನ ಪರವಾಗಿಯೇ ಇದೆ. ಸಾಮಾನ್ಯ ಆರೋಗ್ಯದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು. 55 ಇಂಚಿನ ಫುಲ್ ಎಚ್‌ಡಿ ಟಿವಿಯ ಚುಕ್ಕೆಗಳು ಏಳು ಅಡಿ ದಾಟಿದರೆ ಒಂದರೊಳಗೊಂದು ಬೆರೆತುಹೋಗುತ್ತವೆ. ಹತ್ತಡಿ ಆಚೆಯ ಸೋಫಾದಲ್ಲಿ ಕುಳಿತವರಿಗೆ ಅದನ್ನು 4ಕೆ ಮಾಡಿದರೂ ಚುಕ್ಕೆಗಳ ಲೆಕ್ಕದಲ್ಲಿ ಹೊಸದೇನೂ ಕಾಣದು. ಅಂಗಡಿಯಲ್ಲಿ ಕಂಡ ವ್ಯತ್ಯಾಸದ ಹೆಚ್ಚಿನ ಪಾಲು ಹೊಳಪು ಮತ್ತು ಬಣ್ಣದ್ದು. ಮೇಜಿನ ಮೇಲಿನ ಮಾತೇ ಬೇರೆ. ಅಲ್ಲಿ ಕಣ್ಣಿಗೂ ಪರದೆಗೂ ಇರುವುದು ಎರಡಡಿ. 24 ಇಂಚಿನ ಫುಲ್ ಎಚ್‌ಡಿಯ ಚುಕ್ಕೆಗಳು ಮೂರಡಿಯವರೆಗೂ ಬಿಡಿಬಿಡಿಯಾಗಿ ಕಾಣುತ್ತವೆ. 27 ಇಂಚಿನ 4ಕೆಯಲ್ಲಿ ಒಂದೂಮುಕ್ಕಾಲು ಅಡಿಗೇ ಬೆರೆಯುತ್ತವೆ. ಹಾಲ್‌ನ ಗೋಡೆಗೆ 4ಕೆ ಕೊಂಡು, ಮಕ್ಕಳು ಓದುವ ಮೇಜಿಗೆ ಹಳೆಯ ಪರದೆಯನ್ನೇ ಉಳಿಸುವ ಮನೆಗಳು ಹಣವನ್ನು ತಪ್ಪು ಕೋಣೆಯಲ್ಲಿ ಸುರಿಯುತ್ತಿವೆ.

ಇನ್ನು ವಿಡಿಯೊ. 4ಕೆ ಎಂದರೆ 3840 ಅಡ್ಡ, 2160 ಉದ್ದ, ಒಟ್ಟು 83 ಲಕ್ಷ ಚುಕ್ಕೆ. ಆದರೆ ಮನೆಗೆ ತಲುಪುವ 4ಕೆ ವಿಡಿಯೊದಲ್ಲಿ ಅಷ್ಟೂ ಚುಕ್ಕೆ ಇರುವುದು ಹೊಳಪಿನ ಮಾಹಿತಿಗೆ ಮಾತ್ರ. ಬಣ್ಣವನ್ನು 1920 ಅಡ್ಡ, 1080 ಉದ್ದಕ್ಕೆ ಇಳಿಸಿ ಕಳಿಸುತ್ತಾರೆ. 4:2:0 ಎನ್ನುವುದು ಇದನ್ನೇ. ಹಾಗೆ ಇಳಿಸಿದ ಮೇಲೂ ಸೆಕೆಂಡಿಗೆ 24 ಫ್ರೇಮಿನ ಸಿನಿಮಾಗೆ ಪ್ರತಿ ಸೆಕೆಂಡಿಗೂ ಹತ್ತಿರ ಹತ್ತಿರ 2.4 ಗಿಗಾಬಿಟ್ ಬೇಕು. ಇಂಟರ್ನೆಟ್ಟಿನಲ್ಲಿ ಬರುವುದು 15 ಮೆಗಾಬಿಟ್‌ನಷ್ಟು, ಅಂದರೆ ನೂರೈವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. 2013ರ ಎಚ್‌ಇವಿಸಿ ಮತ್ತು ವಿಪಿ9, 2018ರ ಎವಿ1 ಎಂಬ ವಿಡಿಯೊ ಹಿಂಡುವ ವಿಧಾನಗಳು ಈ ಕೆಲಸವನ್ನು ಬೆರಗಾಗುವಷ್ಟು ಚೆನ್ನಾಗಿ ಮಾಡುತ್ತವೆ. ಹಾಗೆಂದು ಕತ್ತಲ ದೃಶ್ಯದಲ್ಲಿ, ಮಳೆಯಲ್ಲಿ, ಹೊಗೆಯಲ್ಲಿ ಅವುಗಳ ಕೈ ಸೋಲುವುದನ್ನು ಮುಚ್ಚಿಡಬೇಕಿಲ್ಲ. ಮಾಮೂಲಿ ಬ್ಲೂ-ರೇ ಡಿಸ್ಕಿನ ವಿಡಿಯೊ 40 ಮೆಗಾಬಿಟ್‌ವರೆಗೆ ಹೋಗಬಲ್ಲದು. ಅಂಥ ಡಿಸ್ಕಿನ ಫುಲ್ ಎಚ್‌ಡಿ ಚಿತ್ರ ಎಷ್ಟೋ ಸಲ 4ಕೆ ಸ್ಟ್ರೀಮಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಮನೆಯ ಕಂಪ್ಯೂಟರಿಗೆ ಇದನ್ನೆಲ್ಲ ಬಿಚ್ಚುವ ಶಕ್ತಿ ಇದೆಯೇ ಎಂಬ ಅನುಮಾನ ಈಗ ಹಳೆಯದು. ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರುಗಳಿಂದಲೇ 10 ಬಿಟ್‌ನ ಎಚ್‌ಇವಿಸಿ ಮತ್ತು ವಿಪಿ9 ಬಿಚ್ಚುವ ಪ್ರತ್ಯೇಕ ಸರ್ಕಿಟ್ ಒಳಗೇ ಇದೆ. 2019ರಲ್ಲಿ 35 ಡಾಲರಿಗೆ ಬಂದ ಅಂಗೈಯಗಲದ ರಾಸ್ಪ್‌ಬೆರಿ ಪೈ 4 ಕೂಡ 4ಕೆ ಪರದೆಯನ್ನು 60 ಹರ್ಟ್ಸ್‌ನಲ್ಲಿ ನಡೆಸುತ್ತದೆ.

ಎಡವುವುದು ಕೇಬಲ್‌ನಲ್ಲಿ. 4ಕೆ ಚಿತ್ರವನ್ನು ಪೂರ್ಣ ಬಣ್ಣದಲ್ಲಿ ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 12 ಗಿಗಾಬಿಟ್ ಬೇಕು. 2009ರ ಎಚ್‌ಡಿಎಂಐ 1.4ಕ್ಕೆ ಅದು ಸಾಧ್ಯವಿರಲಿಲ್ಲ. ಅದು 30 ಹರ್ಟ್ಸ್‌ಗೆ ನಿಂತುಬಿಡುತ್ತದೆ. 2013ರಲ್ಲಿ ಸೀಕಿ ಎಂಬ ಕಂಪನಿ 39 ಇಂಚಿನ 4ಕೆ ಟಿವಿಯನ್ನು 700 ಡಾಲರಿನ ಆಸುಪಾಸಿಗೆ ಮಾರಿದಾಗ ಅಮೆರಿಕದ ಪ್ರೋಗ್ರಾಮರುಗಳು ಅದನ್ನೇ ಮಾನಿಟರ್ ಮಾಡಿಕೊಂಡು ಈ 30 ಹರ್ಟ್ಸ್ ಸಹಿಸಿಕೊಂಡರು, ಕಾರಣ ಆ ಬೆಲೆಗೆ ಅಷ್ಟೊಂದು ಅಕ್ಷರಗಳು ಒಂದೇ ಪರದೆಯಲ್ಲಿ ಹಿಂದೆಂದೂ ಹಿಡಿಸಿರಲಿಲ್ಲ. ಅದಕ್ಕೂ ಹಿಂದೆ, 2001ರಲ್ಲೇ, ಐಬಿಎಂ 22 ಇಂಚಿನ ಪರದೆಯಲ್ಲಿ 3840 ಅಡ್ಡ, 2400 ಉದ್ದದ ಚುಕ್ಕೆಗಳನ್ನು ಕೂರಿಸಿತ್ತು. ಟಿ220 ಎಂಬ ಆ ಮಾನಿಟರಿಗೆ ನಾಲ್ಕು ಡಿವಿಐ ಕೇಬಲ್ ಚುಚ್ಚಬೇಕಿತ್ತು, ಚಿತ್ರ ಬದಲಾಗುತ್ತಿದ್ದುದು ಸೆಕೆಂಡಿಗೆ 41 ಸಲ. ಇಂಚಿಗೆ 204 ಚುಕ್ಕೆ! ಇಂದಿನ 27 ಇಂಚಿನ 4ಕೆಗೂ ಆ ಸಾಂದ್ರತೆ ಇಲ್ಲ.

ಇಂದಿಗೂ ಎಷ್ಟೋ ಮನೆಗಳಲ್ಲಿ ಹೊಸ ಮಾನಿಟರಿಗೆ ಹಳೆಯ ಎಚ್‌ಡಿಎಂಐ ಕೇಬಲ್ ಚುಚ್ಚಿರುತ್ತಾರೆ. ಮೌಸ್‌ನ ಬಾಣ ಕೈಯ ಹಿಂದೆ ತೊದಲುತ್ತ ಬರುತ್ತದೆ, ‘4ಕೆ ನಮ್ಮ ಕಂಪ್ಯೂಟರಿಗೆ ಭಾರವಾಯಿತು’ ಎಂಬ ತೀರ್ಪು ಹೊರಬೀಳುತ್ತದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ 30 ಎಂದು ಕಂಡರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಬೇಕು. 2010ರ 1.2 ಆವೃತ್ತಿಯ ಪೋರ್ಟ್ ಕೂಡ 60 ಹರ್ಟ್ಸ್ ಕೊಡುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಪರದೆ ಕೊಳ್ಳುವ ಪ್ರತಿಯೊಬ್ಬ ಕನ್ನಡಿಗನೂ ಇದನ್ನು ಮಾಡಬೇಕು, ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವವರಂತೂ ಮಾಡಲೇಬೇಕು. ಪೇಂಟ್ ತೆರೆದು ಹಾಳೆಗೆ ಕಡು ನೀಲಿ ಬಣ್ಣ ತುಂಬಬೇಕು. ಅದರ ಮೇಲೆ ಅಪ್ಪಟ ಕೆಂಪಿನಲ್ಲಿ, ಸಣ್ಣ ಗಾತ್ರದಲ್ಲಿ, ‘ಸ್ತ್ರೀ, ರಾಷ್ಟ್ರ, ಉಜ್ಜ್ವಲ, ವೈಶಿಷ್ಟ್ಯ’ ಎಂದು ಬರೆಯಬೇಕು. ಬಿಳಿಯ ಮೇಲಿನ ಕಪ್ಪು ಅಕ್ಷರದಲ್ಲಿ ಪರದೆಯ ದೋಷ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅಲ್ಲಿ ಆಕಾರವನ್ನು ಹೊರುವುದು ಹೊಳಪು, ಹೊಳಪು ಪೂರ್ತಿಯಾಗಿಯೇ ಬರುತ್ತದೆ. ಕೆಂಪು ಮತ್ತು ನೀಲಿ ಎರಡೂ ಮಂದ ಹೊಳಪಿನವು. ಅಕ್ಷರದ ಆಕಾರವನ್ನು ಹೊರುವ ಕೆಲಸ ಬಣ್ಣದ ಪಾಲಿಗೆ ಬೀಳುತ್ತದೆ, ಬಣ್ಣವನ್ನು ದಾರಿಯಲ್ಲೆಲ್ಲೋ ಕತ್ತರಿಸಿದ್ದರೆ ಒತ್ತುಗಳು ಕುಂಕುಮ ಚೆಲ್ಲಿದಂತೆ ಹರಡಿಕೊಳ್ಳುತ್ತವೆ. ಹರಡಿದರೆ ಟಿವಿಯ ಮೆನುವಿನಲ್ಲಿ ಆ ಎಚ್‌ಡಿಎಂಐ ಪೋರ್ಟಿಗೆ ‘ಪಿಸಿ’ ಎಂದು ಹೆಸರು ಕೊಡಬೇಕು. ಬಹಳಷ್ಟು ಟಿವಿಗಳು ಆ ಹೆಸರು ಕಂಡ ಮೇಲಷ್ಟೇ ಬಣ್ಣವನ್ನು ಪೂರ್ತಿ ತೋರಿಸುತ್ತವೆ. ಶಾರ್ಪ್‌ನೆಸ್ ಎಂಬುದನ್ನು ಇಳಿಸಬೇಕು, ಅದು ಅಕ್ಷರದ ಸುತ್ತ ಬಿಳಿ ಅಂಚು ಎಳೆಯುವುದಲ್ಲದೆ ಬೇರೇನನ್ನೂ ಮಾಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗುವಾಗ ಈ ಚಿತ್ರವನ್ನು ಪೆನ್ ಡ್ರೈವಿನಲ್ಲಿ ಒಯ್ದು, ನೂರಕ್ಕೆ ನೂರು ಗಾತ್ರದಲ್ಲಿ ತೆರೆಸಿ ನೋಡಬೇಕು. ಅಂಗಡಿಯವರು ತೋರಿಸುವ ಜಲಪಾತ ಮತ್ತು ಕತ್ತರಿಸಿದ ಹಣ್ಣಿನ ವಿಡಿಯೊ ಯಾವ ಪರದೆಯಲ್ಲಿಯೂ ಚೆಂದವೇ.

ಮಾನಿಟರ್ ವಿಮರ್ಶಕರ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಕಪ್ಪಿನ ಆಳ ಅಳೆಯುತ್ತಾರೆ, ಮಿಲಿಸೆಕೆಂಡುಗಳನ್ನು ಎಣಿಸುತ್ತಾರೆ, ಪರದೆಯ ಮೂಲೆಯ ಹೊಳಪನ್ನೂ ಬಿಡುವುದಿಲ್ಲ. ಭಾರತದಲ್ಲೇ ಕುಳಿತು ಭಾರತದ ಕೊಳ್ಳುಗರಿಗೆ ಹೇಳುವವರೂ ಕನ್ನಡದ್ದೋ ತೆಲುಗಿನದೋ ಮಲಯಾಳದ್ದೋ ಒಂದು ಸಾಲನ್ನು ಆ ಪರದೆಯಲ್ಲಿ ಬರೆದು ತೋರಿಸುವುದು ಅಪರೂಪ. 2022ರಲ್ಲಿ ಬಂದ ಕ್ಯೂಡಿ-ಓಎಲ್‌ಇಡಿ ಮಾನಿಟರುಗಳನ್ನು ಗೇಮ್ ಆಡುವವರು ತಲೆಯ ಮೇಲೆ ಹೊತ್ತರು. ಅವುಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ಸಾಲಾಗಿರದೆ ತ್ರಿಕೋನದಲ್ಲಿ ಕೂತಿದ್ದವು; ಅಕ್ಷರದ ಮೇಲಂಚಿಗೂ ಕೆಳಅಂಚಿಗೂ ಬಣ್ಣದ ನೆರಳು ಬಂತು. ಇಂಗ್ಲಿಷ್ ಓದುವವರೇ ಅದನ್ನು ಗಮನಿಸಿ ದೂರಿದರು. ಅಂಚುಗಳೇ ತುಂಬಿದ ಕನ್ನಡದ ಸಾಲು ಅಲ್ಲಿ ಹೇಗೆ ಕಂಡೀತು ಎಂದು ಕೇಳಿದವರಿಲ್ಲ.

ಕಾರ್ಯಾಚರಣ ವ್ಯವಸ್ಥೆಗಳನ್ನು ಕಟ್ಟುವವರೂ ನಿರ್ದೋಷಿಗಳೇನಲ್ಲ. ಆಪಲ್ ತನ್ನ ಮ್ಯಾಕ್ ವ್ಯವಸ್ಥೆಯ 2018ರ ಮೊಹಾವಿ ಆವೃತ್ತಿಯಲ್ಲಿ ಚುಕ್ಕೆಯ ಮೂರು ಬಣ್ಣದ ಭಾಗಗಳನ್ನು ಬಳಸಿ ಅಕ್ಷರ ತಿದ್ದುವ ವಿಧಾನವನ್ನು ಕೈಬಿಟ್ಟಿತು; ಸಾಂದ್ರ ಪರದೆ ಇಲ್ಲದವರ ಅಕ್ಷರಗಳು ಒಂದೇ ರಾತ್ರಿಯಲ್ಲಿ ಮಬ್ಬಾದವು. 4ಕೆ ಮಾನಿಟರಿನಲ್ಲಿ 2560 ಅಡ್ಡ, 1440 ಉದ್ದದ ಅಳತೆ ಆರಿಸಿದರೆ ಮ್ಯಾಕ್ ಮೊದಲು 5120 ಅಡ್ಡ, 2880 ಉದ್ದದ ಚಿತ್ರ ಬರೆದು, ಆಮೇಲೆ ಅದನ್ನು 3840ಕ್ಕೆ ಕುಗ್ಗಿಸುತ್ತದೆ. ವಿಂಡೋಸ್‌ನಲ್ಲಿ ಶೇ 150 ಎಂದು ಹಾಕಿದರೆ ಹೊಸ ತಂತ್ರಾಂಶಗಳು ಅಕ್ಷರವನ್ನು ಆ ಗಾತ್ರಕ್ಕೇ ನೇರವಾಗಿ ಬರೆಯುತ್ತವೆ, ಈ ವಿಷಯದಲ್ಲಿ ಅದೇ ಮೇಲು. ಹಳೆಯ ತಂತ್ರಾಂಶಗಳನ್ನು ಮಾತ್ರ ಅದು ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ, ಇಲ್ಲವೇ ಹಿಗ್ಗಿಸದೆ ಬಿಡುತ್ತದೆ. ನಮ್ಮ ಹಲವು ಡಿಟಿಪಿ ಕೇಂದ್ರಗಳಲ್ಲಿ ಇನ್ನೂ ಉಸಿರಾಡುತ್ತಿರುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಂಥ ತಂತ್ರಾಂಶದ ಮೆನು 4ಕೆ ಪರದೆಯಲ್ಲಿ ಸಾಸಿವೆಯಷ್ಟಾದರೆ ತಪ್ಪು ಪರದೆಯದಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ದುಡ್ಡು ಕೊಟ್ಟು ಸಿನಿಮಾ ನೋಡುವವರಿಗೆ ಆಗಿದೆ. 2016ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನ 4ಕೆ ಮೊದಲು ಕಂಪ್ಯೂಟರಿಗೆ ಬಂದಾಗ ವಿಂಡೋಸ್ 10, ಎಡ್ಜ್ ಬ್ರೌಸರ್, ಇಂಟೆಲ್‌ನ ಏಳನೇ ತಲೆಮಾರು, ಈ ಮೂರೂ ಕೂಡಬೇಕಿತ್ತು. ಯೂಟ್ಯೂಬ್‌ನ 4ಕೆ ಮ್ಯಾಕ್‌ನ ಸಫಾರಿಯಲ್ಲಿ ಮೂಡಲು 2020ರವರೆಗೆ ಕಾಯಬೇಕಾಯಿತು. 4ಕೆ ಬ್ಲೂ-ರೇ ಡಿಸ್ಕ್ ಕೊಂಡವರ ಪಾಡು ಇನ್ನೂ ಕೆಟ್ಟದ್ದು. ಅದನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಬೀಗ ಪ್ರೊಸೆಸರಿನೊಳಗೆ ಇರಬೇಕು ಎಂದು ನಿಯಮ ಮಾಡಿದರು. 11ನೇ ತಲೆಮಾರಿನಿಂದ ಇಂಟೆಲ್ ಮನೆಬಳಕೆಯ ಪ್ರೊಸೆಸರುಗಳಲ್ಲಿ ಆ ಬೀಗವನ್ನೇ ಕೈಬಿಟ್ಟಿತು. ಹೊಸ ಕಂಪ್ಯೂಟರ್ ಕೊಂಡ ತಪ್ಪಿಗೆ, ಸ್ವಂತ ಡಿಸ್ಕು, ಸ್ವಂತ ಡ್ರೈವು ಇದ್ದವನಿಗೆ ಚಿತ್ರ ಇಲ್ಲ. ಕದ್ದ ಪ್ರತಿ ಇಳಿಸಿಕೊಂಡವನಿಗೆ ಯಾವ ಬೀಗವೂ ಅಡ್ಡಬರುವುದಿಲ್ಲ. ಪ್ರಾಮಾಣಿಕನನ್ನು ಬಾಗಿಲಲ್ಲಿ ನಿಲ್ಲಿಸುವ ಈ ವ್ಯವಸ್ಥೆಗೆ ರಕ್ಷಣೆ ಎಂಬ ಹೆಸರು ಸಲ್ಲದು.

4ಕೆ ಎಂದು ಮಾರುವ ಚಿತ್ರಗಳಲ್ಲೂ ಎಷ್ಟೋ 2ಕೆಯಲ್ಲಿ ಸಂಕಲನ ಮುಗಿಸಿ ಆಮೇಲೆ ಹಿಗ್ಗಿಸಿದವು. ಅದೇ ಹೊತ್ತಿಗೆ, ಹಳೆಯ 35 ಎಂಎಂ ನೆಗೆಟಿವ್‌ನಲ್ಲಿ ಯಾವ ಹಿಗ್ಗಿಸುವಿಕೆಯೂ ಬೇಡದಷ್ಟು ವಿವರ ಕೂತಿರುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಪುನರುದ್ಧಾರ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣಕ್ಕೆ 4:2:0ರ ಕತ್ತರಿಯೂ ತಾಗದು, ಅಲ್ಲಿ ಕಳೆದುಕೊಳ್ಳಲು ಬಣ್ಣವೇ ಇಲ್ಲ. ಅಂಥ ಚಿತ್ರವನ್ನು ಎರಡಡಿ ದೂರದ ಸಾಂದ್ರ ಪರದೆಯಲ್ಲಿ ನೋಡುವುದಾದರೆ 4ಕೆ ವಿಡಿಯೊದ ಪರ ವಾದಕ್ಕೆ ತಲೆಬಾಗಬಹುದು.

8ಕೆಗೆ ಆ ವಿನಾಯಿತಿ ಕೊಡಲಾಗದು. ಜಪಾನಿನ ಎನ್‌ಎಚ್‌ಕೆ 1995ರಲ್ಲಿ ಸಂಶೋಧನೆ ಆರಂಭಿಸಿ, 2018ರ ಡಿಸೆಂಬರ್ 1ರಂದು 8ಕೆ ವಾಹಿನಿಯನ್ನೇ ತೆರೆಯಿತು. ಮನೆಯ ಮೇಜಿನ ಮೇಲೆ ಅದಕ್ಕೆ ಮಾಡಲು ಕೆಲಸವಿಲ್ಲ. ಡೆಲ್ 2017ರಲ್ಲಿ ತಂದ 32 ಇಂಚಿನ 8ಕೆ ಮಾನಿಟರಿನಲ್ಲಿ ಇಂಚಿಗೆ 280 ಚುಕ್ಕೆ. ಅಷ್ಟನ್ನೂ ಬಿಡಿಸಿ ನೋಡಲು ಮೂಗನ್ನು ಒಂದಡಿ ಹತ್ತಿರ ತರಬೇಕು. ಓದುಗನಿಗೆ ನಿಜಕ್ಕೂ ಬೇಕಾದದ್ದು 27 ಇಂಚಿನಲ್ಲಿ 5ಕೆ: ಇಂಚಿಗೆ 218 ಚುಕ್ಕೆ, ಶೇ 200ರ ಹಿಗ್ಗಿಸುವಿಕೆ, ಅರ್ಧ ಚುಕ್ಕೆಯ ತಕರಾರೇ ಇಲ್ಲ. 2014ರಲ್ಲಿ ಅಂಥ ಮಾನಿಟರಿಗೆ ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕಿತ್ತು, ಬೆಲೆ 2,500 ಡಾಲರಿನ ಹತ್ತಿರವಿತ್ತು. ಹತ್ತು ವರ್ಷದ ಮೇಲೆ ಅಸೂಸ್ ತಂದ 5ಕೆ ಮಾನಿಟರಿಗೆ ಅಮೆರಿಕದಲ್ಲಿ 800 ಡಾಲರಿನ ಆಸುಪಾಸು, ಒಂದೇ ಕೇಬಲ್ ಸಾಕು. ಸಾಧಾರಣ 4ಕೆಯ ಬೆಲೆಗೆ ಅದು ಇನ್ನೂ ಇಳಿದಿಲ್ಲ.