ಗಾಡಿ ಎತ್ತರ, ಅವ್ವನ ಮೊಣಕಾಲು

ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೋ ತಗೊಂಡೆ. ಎಸ್11. ಬೆಂಗಳೂರಲ್ಲಿ ಓಡಾಡೋಕೆ ಅಲ್ಲ, ಇಲ್ಲಿ ನನಗೆ ಮೆಟ್ರೋ ಸಾಕು. ಅದು ಊರಿಗೆ, ಅಂದ್ರೆ ಮುನವಳ್ಳಿಗೆ. ಅಲ್ಲಿ ಅಪ್ಪ, ಅವ್ವ, ಹೊಲ ನೋಡಿಕೊಳ್ಳೋ ತಮ್ಮ ಇದಾರೆ.

ಕೋಡ್ ಬರೆಯೋ ಜನಕ್ಕೆ ಒಂದು ರೋಗ, ಯಾವುದನ್ನೂ ಇದ್ದ ಹಾಗೆ ಬಿಡೋದಿಲ್ಲ :-) ಗಾಡಿ ಬಂದ ಮೂರನೇ ದಿನಕ್ಕೆ ಎಕ್ಸೆಲ್ ಶೀಟ್ ತೆರೆದಿದ್ದೆ. ಎರಡು ಇಂಚಿನ ಲಿಫ್ಟ್ ಕಿಟ್, ಗ್ಯಾಸ್ ತುಂಬಿದ ಶಾಕ್ ಅಬ್ಸರ್ವರ್, ದಪ್ಪ ಟೈರು... ತಮ್ಮನೂ ಪೆಟ್ರೋಲ್ ಸುರಿದ. "ಅಣ್ಣಾ, ಎತ್ತಸೂದ ಇಲ್ಲಂದ್ರ ಇಷ್ಟ ದೊಡ್ಡ ಗಾಡಿ ಯಾಕ ತಗೊಂಡಿ?"

ಆದ್ರೆ ನನಗೆ ಎತ್ತರದ ಹುಚ್ಚು ಹಿಡಿದಿದ್ದು ಯೂಟ್ಯೂಬ್ ನೋಡಿ ಮಾತ್ರ ಅಲ್ಲ. 2019ರ ಆಗಸ್ಟ್. ಇಂಜಿನಿಯರಿಂಗ್ ಕೊನೇ ವರ್ಷ, ಪಂಚಮಿಗೆ ಅಂತ ಊರಿಗೆ ಬಂದಿದ್ದೆ. ಬಿಟ್ಟೂ ಬಿಡದ ಮಳೆ. ನವಿಲುತೀರ್ಥದ ಡ್ಯಾಮು ನಮ್ಮೂರಿಗಿಂತ ಮೇಲೆ, ಹತ್ತಿರದಲ್ಲೇ ಇದೆ. ಅಲ್ಲಿಂದ ನೀರು ಬಿಟ್ರೆ ಮಲಪ್ರಭೆ ನಮ್ಮ ಬಾಗಿಲಿಗೇ ಬರ್ತಾಳೆ. ಆ ರಾತ್ರಿ ಓಣಿಯಲ್ಲಿ ನೀರು ಏರೋಕೆ ಶುರುವಾದಾಗ ಪಕ್ಕದವರ ಟ್ರ್ಯಾಕ್ಟರ್ ಟ್ರೇಲರ್ ಬಂತು. ಅವ್ವನಿಗೆ ಆಗಲೇ ಮೊಣಕಾಲು ನೋವು. ಕಾಲು ಟ್ರೇಲರಿಗೆ ಎಟಕಲಿಲ್ಲ. ನಾನು, ಕಾಕಾ ಇಬ್ಬರೂ ರಟ್ಟೆ ಹಿಡಿದು ಎತ್ತುವಾಗ ಜಾರಿ ಮೊಣಕಾಲು ಕಬ್ಬಿಣಕ್ಕೆ ಬಡೀತು. ಆಕೆ ಒಂದು ಮಾತೂ ಆಡಲಿಲ್ಲ. ನನ್ನ ಕೈ ಜಾರಿತ್ತು ಅಂತ ನಾನೂ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

ಹಾಗಾಗಿ, ಮುಂದೆ ಅಂಥ ರಾತ್ರಿ ಬಂದ್ರೆ ನಮ್ಮದೇ ಎತ್ತರದ ಗಾಡಿ ಇರ್ಲಿ ಅನ್ನೋದು ನನ್ನ ಲೆಕ್ಕ. ಲೆಕ್ಕ ಅಂದ ಮೇಲೆ ಸರಿಯಾಗಿ ಮಾಡಬೇಕಲ್ಲ, ಮಾಡಿದೆ.

ಸ್ಕಾರ್ಪಿಯೋದ ಹಿಂದಿನ ಆಕ್ಸೆಲ್ ಗಟ್ಟಿ ಆಕ್ಸೆಲ್. ಎರಡೂ ಚಕ್ರದ ನಡುವೆ ಆ ದುಂಡನೆ ಹೌಸಿಂಗ್ ಜೋತಾಡ್ತಿರ್ತದಲ್ಲ, ಕಲ್ಲಿಗೆ ಮೊದಲು ಬಡಿಯೋದು ಅದೇ. ಲಿಫ್ಟ್ ಕಿಟ್ ಹಾಕಿದ್ರೆ ಬಾಡಿ ಮೇಲೆ ಹೋಗ್ತದೆ, ಹೌಸಿಂಗ್ ಇದ್ದಲ್ಲೇ ಇರ್ತದೆ! ಅದನ್ನ ಎತ್ತೋದು ಟೈರು ಮಾತ್ರ. ಕಂಪನಿ ಟೈರು 235/65 ಆರ್17, ಅದರ ವ್ಯಾಸ ಸುಮಾರು 737 ಮಿ.ಮೀ. 255/65 ಹಾಕಿದ್ರೆ 763. ವ್ಯಾಸ 26 ಮಿ.ಮೀ. ಹೆಚ್ಚಾದ್ರೆ ಆಕ್ಸೆಲ್ ಏರೋದು ಅದರ ಅರ್ಧ, 13 ಮಿ.ಮೀ. ಅಂದ್ರೆ ಅರ್ಧ ಇಂಚು. ಅಷ್ಟಕ್ಕೇ ಸ್ಪೀಡೋಮೀಟರ್ ಲೆಕ್ಕ ಮೂರೂವರೆ ಪರ್ಸೆಂಟ್ ತಪ್ತದೆ. ಭಾರ ಮೇಲೆ ಹೋಗಿ ತಿರುವಿನಲ್ಲಿ ಗಾಡಿ ವಾಲೋದು ಬೇರೆ, ಎಲ್ಲಮ್ಮನ ಗುಡ್ಡ ಹತ್ತಿಳಿಯೋರಿಗೆ ಅದೇನು ಅಂತ ಹೇಳಬೇಕಿಲ್ಲ.

ಇನ್ನು ನೆರೆ. ಹರಿಯೋ ನೀರು ಎರಡು ಅಡಿ ಇದ್ರೆ ದೊಡ್ಡ ಎಸ್‌ಯುವಿಯನ್ನೂ ತಳ್ಳಿಕೊಂಡು ಹೋಗಬಲ್ಲದು. ಎರಡು ಇಂಚಿನ ಕಿಟ್ ಅದರ ಮುಂದೆ ಏನೂ ಅಲ್ಲ. ಇದನ್ನ ಅಪ್ಪನಿಗೆ ಹೇಳಿದ್ರೆ, "ಡ್ಯಾಮಿನಾಗ ನೀರ ಬಿಡತಾರಂತ ಗೊತ್ತಾದ ಕೂಡ್ಲೆ ಗಾಡಿ ಒಯ್ದ ದಿಬ್ಬದ ಮ್ಯಾಲ ನಿಲ್ಲಸೂದಪಾ, ನೀರ ಬಂದ ಮ್ಯಾಲೆ ಎದಕ ಓಡಸ್ತಿ?" ಅಂದರು. ನನ್ನ ಎಕ್ಸೆಲ್ ಶೀಟಿನಲ್ಲಿ ಈ ಕಾಲಮ್ಮೇ ಇರಲಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತ ಆದ್ರೆ ವಿಮೆಯವರು ತಕರಾರು ತೆಗೆಯೋಕೆ ಅಷ್ಟು ಸಾಕು.

ಇಷ್ಟಾದ್ರೂ ಆಸೆ ಹೋಗಿರಲಿಲ್ಲ, ನಿಜ ಹೇಳ್ತೀನಿ. ಸಂಕ್ರಾಂತಿಗೆ ಊರಿಗೆ ಹೋದಾಗ ಅಂಗಳದಲ್ಲಿ ಟೇಪ್ ಹಿಡಿದು ಅಳೀತಿದ್ದೆ. ಅವ್ವ ಬಂದಳು. ಗಾಡಿಯ ಮೆಟ್ಟಿಲ ಹತ್ತಿರ ಕೂತು ಕೈ ಚಾಚಿ ಗೇಣು ಹಾಕಿದಳು. ಒಂದು, ಎರಡು. "ಈಗ ಎಲ್ಡ ಗೇಣ ಐತಿ. ಇದನ್ನೂ ಹೆಂಗೋ ಹತ್ತತೇನಿ. ಇನ್ನ ಎತ್ತರ ಮಾಡಿದ್ರ ನಾ ಒಲ್ಲೆಪಾ, ನೀವ ಅಡ್ಡ್ಯಾಡ್ರಿ." ಬೈದಿದ್ದಲ್ಲ, ಸುಮ್ಮನೆ ಹೇಳಿದ್ದು. ಹೇಳುವಾಗ ಕೈ ಮೊಣಕಾಲ ಮೇಲಿತ್ತು.

ಟೇಪು ಸುತ್ತಿಟ್ಟೆ.

ಆಮೇಲೆ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋದ್ವಿ. ಅಲ್ಲಿನ ಮಿಸ್ತ್ರಿ ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟ. ಗಾಡಿ ಮೂರು ನಾಲ್ಕು ಸಲ ಕುಣೀತು. "ಸರ, ಭಾರ ಹೊರೂದ ಸ್ಪ್ರಿಂಗ್. ಈ ಕುಣಿಯೂದ ನಿಲ್ಲಸೂದ ಶಾಕ್. ನಿಮ್ಮ ಸ್ಪ್ರಿಂಗ್ ಚಲೋ ಅದಾವು, ಶಾಕ್ ಸತ್ತಾವು." ನಾಲ್ಕು ವರ್ಷ ಓದಿದ ನನಗೆ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಹಿಂದಿನ ಎರಡರಲ್ಲೂ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ನಾಲ್ಕೂ ಶಾಕ್ ಹೊಸವು, ಗ್ಯಾಸಿನವೇ. ಒಳಗಿನ ಎಣ್ಣೆ ನೊರೆಯಾಗೋದನ್ನ ಗ್ಯಾಸ್ ತಡೀತದೆ, ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದ್ರೂ ಮೆತ್ತಗಾಗೋದಿಲ್ಲ. ಜತೆಗೆ ಹರಿದಿದ್ದ ಬುಶ್‌ಗಳು. ಅಷ್ಟೇ.

ಟೈರಿಗೆ ಮಾತ್ರ ಜಗಳ ಆಯ್ತು. ತಮ್ಮನಿಗೆ ಮಡ್ ಟೈರೇ ಬೇಕು. ನಮ್ಮದು ಎರಿ ಹೊಲ. ಒಣಗಿದ್ರೆ ಬಿರುಕು, ನೆನೆದ್ರೆ ಅಂಟು. ಚಪ್ಪಲಿಗೇ ಎರಡು ಕಿಲೋ ಮಣ್ಣು ಹತ್ತೋ ಜಾಗದಲ್ಲಿ ಆಲ್ ಟೆರೇನ್ ಟೈರಿನ ಸಂದು ಎರಡು ಸುತ್ತಿಗೆ ತುಂಬಿ ದೋಸೆ ಹಂಚಿನ ಹಾಗೆ ನುಣ್ಣಗಾಗ್ತದೆ. ಮಡ್ ಟೈರಿನ ಸಂದು ಅಗಲ, ತಿರುಗುವಾಗ ಮಣ್ಣು ಎಸೀತದೆ. ಅವನ ಮಾತು ಸುಳ್ಳಲ್ಲ. ಆದ್ರೆ ಗಾಡಿ ಹೆಚ್ಚು ಓಡೋದು ಧಾರವಾಡ, ಬೆಳಗಾವಿ ಕಡೆ ಡಾಂಬರಿನ ಮೇಲೆ, ಅಲ್ಲಿ ಮಡ್ ಟೈರು ಗುಂಯ್ ಅನ್ನೋ ಸದ್ದು, ಒದ್ದೆ ರಸ್ತೆಯಲ್ಲಿ ಬ್ರೇಕೂ ಅಷ್ಟಕ್ಕಷ್ಟೇ. ಕೊನೆಗೆ ಕಂಪನಿ ಅಳತೆಯಲ್ಲೇ ಆಲ್ ಟೆರೇನ್ ಹಾಕಿಸಿದ್ವಿ. ಹೊಲಕ್ಕೆ ಮಳೆ ಬಿದ್ದ ಮೇಲೆ ಹದ ಬರೋ ತನಕ ಎತ್ತಿನ ಗಾಡಿನೇ ಇಳಿಸೋದಿಲ್ಲ, ಸ್ಕಾರ್ಪಿಯೋ ಯಾಕೆ ಇಳೀಬೇಕು?

ಭಾರತ ಹುಣ್ಣಿಮೆಗೆ ಎಲ್ಲರೂ ಎಲ್ಲಮ್ಮನ ಗುಡ್ಡಕ್ಕೆ ಹೋದ್ವಿ. ಅವ್ವ ಅಡುಗೆಮನೆಯಿಂದ ಒಂದು ಕಟ್ಟಿಗೆ ಮಣಿ ತಂದು ಬಾಗಿಲ ಕೆಳಗಿಟ್ಟಳು. ಅದರ ಮೇಲೊಂದು ಕಾಲು, ಮೆಟ್ಟಿಲ ಮೇಲೊಂದು ಕಾಲು, ಒಳಗೆ. ನಾನು ಅಭ್ಯಾಸದಿಂದ ರಟ್ಟೆ ಹಿಡಿಯೋಕೆ ಹೋದೆ. "ಬಿಡ ನೀ," ಅಂದಳು. ಆ ಮಣಿ ಈಗ ಡಿಕ್ಕಿಯಲ್ಲೇ ಇರ್ತದೆ, ಅಡುಗೆಮನೆಗೆ ಬೇರೆ ತಂದಿದಾರೆ.

ತಮ್ಮ ಇನ್ನೂ ಒಪ್ಪಿಲ್ಲ. ಎರಿ ಹೊಲದಲ್ಲಿ ಮಡ್ ಟೈರು ಓಡಿಸಿದವರು ನಿಮ್ಮಲ್ಲಿ ಯಾರಾದ್ರೂ ಇದ್ರೆ ನಿಜ ಏನು ಅಂತ ಹೇಳಿ. ಅವನ ಪರವಾಗಿದ್ರೂ ಪರವಾಗಿಲ್ಲ, ಅವನಿಗೆ ತೋರಿಸ್ತೀನಿ.