ಬಾಗಿಲು ಮುಚ್ಚುವ ಮೊದಲು ಕೇಳಿ

ಅಜ್ಜಂಪುರದ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣಿಗೆ ತರೀಕೆರೆಯಲ್ಲಿ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದರೂ ಮಾಯಲಿಲ್ಲ. ಬೆಂಗಳೂರಿನ ಡಾಕ್ಟರು ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆ ಬರೆದುಕೊಟ್ಟರು. ಮುಚ್ಚಿದ ಚೇಂಬರ್‌ನಲ್ಲಿ ಮಲಗಿಸಿ, ಮಾಮೂಲಿಗಿಂತ 2–3 ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಡ್ತಾರೆ.

ಅಷ್ಟು ಆಕ್ಸಿಜನ್ ಇರುವ ಕಡೆ ಒಂದು ಕಿಡಿ ಸಾಕು. 2025ರ ಜನವರಿ 31ರಂದು ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್‌ನಲ್ಲಿ 5 ವರ್ಷದ ಹುಡುಗನೊಬ್ಬ ಚೇಂಬರ್ ಒಳಗಿನ ಬೆಂಕಿಗೆ ಬಲಿಯಾದ. ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಪಟ್ಟಿ ಕಟ್ಟಿರಲಿಲ್ಲ, ವಾರ್ಷಿಕ ತಪಾಸಣೆಯೂ ಆಗಿರಲಿಲ್ಲ ಅನ್ನೋದು ಅಲ್ಲಿನ ಸರ್ಕಾರಿ ವಕೀಲರ ಆರೋಪ.

ಕಡೂರಿನಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ತಕ್ಕಡಿ ಸರಿಯಿದೆ ಅಂತ ನಾವೇ ಹೇಳಿಕೊಂಡರೆ ನಡೆಯಲ್ಲ. ಕಾನೂನು ಮಾಪನ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಬೇಕು. ಕೊಬ್ಬರಿಗಿರುವ ಕಾವಲು ಮನುಷ್ಯನಿಗೆ ಬೇಡವೇ?

ಅದಕ್ಕೇ ಆ ಸೆಂಟರ್‌ನಲ್ಲಿ ಕೇಳಿದೆ: ಮಾರಿದ ಕಂಪನಿಯವರೂ ಅಲ್ಲದ, ನಿಮ್ಮ ಸಿಬ್ಬಂದಿಯೂ ಅಲ್ಲದ ಹೊರಗಿನವರು ಇದನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ವರದಿ ತೋರಿಸ್ತೀರಾ? "ಕಂಪನಿ ಇಂಜಿನಿಯರ್ ಬರ್ತಾರಲ್ಲ" ಅಂದರು. "ಬಿಡೋ, ಗುಣ ಆದ್ರೆ ಸಾಕು" ಅಂದರು ದೊಡ್ಡಪ್ಪ. ನಾನು ಬಿಡಲಿಲ್ಲ.

ಇನ್ನೊಂದು ಕಡೆ ಕೇಳುವ ಮೊದಲೇ ಫೈಲ್ ಮುಂದಿಟ್ಟರು. ಮೊಬೈಲ್, ವಾಚು, ಬೆಂಕಿಪೊಟ್ಟಣ ಹೊರಗಿಡಿಸಿ, ಎಣ್ಣೆ ಹಚ್ಚಿದ್ದ ತಲೆ ತೊಳೆಸಿ, ಹತ್ತಿ ಬಟ್ಟೆ ಉಡಿಸಿ, ಕೈಗೆ ಪಟ್ಟಿ ಕಟ್ಟಿದರು. ಹುಣ್ಣು ಈಗ ನಿಧಾನಕ್ಕೆ ಮಾಯ್ತಿದೆ.

ನಿಮ್ಮವರನ್ನು ಒಳಗೆ ಕಳಿಸೋ ಮುನ್ನ ನೀವೂ ತಪಾಸಣೆಯ ತಾರೀಕು ಕೇಳಿ. ಬಾಗಿಲು ಮುಚ್ಚಿದ ಮೇಲೆ ಒಳಗಿರುವವರು ತಾವಾಗಿ ಎದ್ದು ಬರೋಕಾಗಲ್ಲ.